ಹನ್ನೊಂದು ಉದ್ದ, ಐದು ಅಗಲ

ಏಳು ಸಮುದ್ರ ದಾಟಬೇಕಾಗಿರಲಿಲ್ಲ, ಏಳು ಬೆಟ್ಟ ಹತ್ತಬೇಕಾಗಿರಲಿಲ್ಲ. ಬಸ್ ನಿಲ್ದಾಣದಿಂದ ಎರಡನೇ ತಿರುವಿನಲ್ಲೇ ಇತ್ತು ಆ ಅರಮನೆ. ಹೊರಗೆ ಬಿಸಿಲಿಗೆ ರಸ್ತೆಯ ಡಾಂಬರು ಕರಗುತ್ತಿದ್ದರೂ ಒಳಗೆ ಸದಾ ಚಳಿಗಾಲ. ಅಲ್ಲಿ ರಾಜನಿರಲಿಲ್ಲ, ರಾಣಿಯಿರಲಿಲ್ಲ. ತಲೆಗೆ ಬಿಳಿ ಟೋಪಿ, ಮೂಗುಬಾಯಿಗೆ ಬಿಳಿ ಬಟ್ಟೆ, ಮೈಮೇಲೆ ಎರಡೆರಡು ಸ್ವೆಟರು ಹಾಕಿಕೊಂಡ ನೂರಾರು ಹೆಂಗಸರಿದ್ದರು. ಅವರಲ್ಲೊಬ್ಬಳು ತಾಯಿ. ಆ ತಾಯಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ದೊಡ್ಡವಳು, ಇನ್ನೊಬ್ಬಳು ಚಿಕ್ಕವಳು.

ತಾಯಿಯ ಕೆಲಸ ಸುತ್ತುವುದು. ಮೇಲೊಂದು ಕೆಳಗೊಂದು ಕಂದು ಬಿಸ್ಕತ್ತು, ನಡುವೆ ಬಿಳಿ ಐಸ್‌ಕ್ರೀಂ. ಓಡುವ ಬೆಲ್ಟಿನ ಮೇಲೆ ಮುಗಿಯದ ರೈಲಿನ ಹಾಗೆ ಒಂದರ ಹಿಂದೊಂದು ಬರುತ್ತಿದ್ದವು. ಕಾಗದ ಎಳೆ, ಇಡು, ಆ ಕಡೆ ಮಡಚು, ಈ ಕಡೆ ಮಡಚು, ತುದಿಗಳನ್ನು ಒಳಗೆ ತಳ್ಳು, ಮುಂದಕ್ಕೆ ಬಿಡು. ಕಣ್ಣು ಮಿಟುಕಿಸುವುದರಲ್ಲಿ ಒಂದು. ಪಾಳಿ ಮುಗಿದಾಗ ಗೇಟಿನಲ್ಲಿ ಕಾವಲಿನ ಹೆಂಗಸು ಒಬ್ಬೊಬ್ಬರದೇ ಬಾಯಿ ತೆರೆಸಿ ನೋಡುತ್ತಿದ್ದಳು. ಆ ಅರಮನೆಯಲ್ಲಿ ಸುತ್ತಿದವರು ಬಿಚ್ಚುವಂತಿರಲಿಲ್ಲ.

ತಾಯಿ ಇದನ್ನು ಮಕ್ಕಳಿಗೆ ಕತೆಯ ಹಾಗೆಯೇ ಹೇಳುತ್ತಿದ್ದಳು. ಚಿಕ್ಕವಳಿಗೆ ಆಗ ಏಳು ವರ್ಷ. "ಅಲ್ಲಿ ಕೊಡದಿದ್ರೆ ಹೋಗ್ಲಿ, ಅಂಗಡೀಲಿ ತಗೊಂಡು ತಿನ್ನಮ್ಮ," ಎಂದಳು ಒಂದು ದಿನ.

"ಅಂಗಡೀದೂ ನನ್ನಂಥೋಳೇ ಒಬ್ಬಳು ಸುತ್ತಿರೋದಲ್ವೇನೆ? ಕಾಗದ ಬಿಚ್ಚಿದ ತಕ್ಷಣ ಅವಳ ಬೆರಳು ಮರಗಟ್ಟಿದ್ದೇ ಕಣ್ಣಿಗೆ ಬರುತ್ತೆ. ಗಂಟಲಲ್ಲಿ ಇಳಿಯಲ್ಲ."

ಹತ್ತು ವರ್ಷದ ದೊಡ್ಡವಳು ಗಂಭೀರವಾಗಿ ಯೋಚಿಸಿ ತೀರ್ಪು ಕೊಟ್ಟಳು. "ಹಂಗಾದ್ರೆ ನಾವಿಬ್ರೂ ಸೇರಿ ಮನೇಲೇ ಮಾಡಿ ಕೊಡ್ತೀವಿ. ನೀನು ಕೂತ್ಕೊಂಡು ತಿನ್ನೋದಷ್ಟೇ."

"ಯಾವಾಗ?"

"ಫ್ರಿಜ್ ಬಂದ ಮೇಲೆ."

ಇಬ್ಬರೂ ತಾಯಿಯ ತಣ್ಣನೆಯ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದರು.

ಕತೆಗಳಲ್ಲಾದರೆ ಕೊಟ್ಟ ಮಾತು ಮರೆತವರು ಕಲ್ಲಾಗುತ್ತಾರೆ. ಇವರು ಕಲ್ಲಾಗಲಿಲ್ಲ. ಫ್ರಿಜ್ ಬಂತು, ಹಳತಾಯಿತು, ಇನ್ನೊಂದು ಬಂತು. ದೊಡ್ಡವಳು ಕನ್ನಡಕದಂಗಡಿ ಸೇರಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದನ್ನು ಕಲಿತಳು. ಚಿಕ್ಕವಳು ಬೇಕರಿ ಸೇರಿದಳು, ಮದುವೆಯಾಗಿ ಊರಿನ ಆ ತುದಿಗೆ ಹೋದಳು. ತಾಯಿ ಇಪ್ಪತ್ತೆರಡು ವರ್ಷ ಸುತ್ತಿ, ಬೆರಳ ಗಂಟುಗಳು ಊದಿಕೊಂಡ ಮೇಲೆ ಮನೆಯಲ್ಲಿ ಕೂತಳು. ಕೊಟ್ಟ ಮಾತು ಕಪಾಟಿನ ಮೇಲಿನ ಖಾಲಿ ಡಬ್ಬಿಯ ಹಾಗೆ ಯಾರ ಕೈಗೂ ಅಡ್ಡ ಬರದೆ, ಯಾರೂ ಎಸೆಯದೆ, ಹಾಗೇ ಇತ್ತು.

ಆಮೇಲೆ ತಾಯಿಯ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಯಿತು.

* * *

ವರದಿ ಬಂದು, ಸರದಿಗೆ ನಾಲ್ಕು ತಿಂಗಳು ಕಾದ ಮೇಲೆ, ಒಂದು ಸೋಮವಾರ ಡಾಕ್ಟರು ಬಿಡಿಸಿ ಹೇಳಿದರು. ಶುಕ್ರವಾರ ಬೆಳಗ್ಗೆ ಆಪರೇಷನ್. ಗುರುವಾರ ಸಂಜೆ ಆರು ಗಂಟೆಗೆ ಬಂದು ಸೇರಬೇಕು. ನಾಲಿಗೆಯ ಅರ್ಧಕ್ಕಿಂತ ಹೆಚ್ಚೇ ಹೋಗುತ್ತದೆ. ಕೆಲವು ವಾರ ಮೂಗಿನ ಕೊಳವೆಯಲ್ಲಿ ಊಟ. ಮಾತು ಅಷ್ಟಿಷ್ಟು ವಾಪಸ್ಸು ಬರಬಹುದು. ರುಚಿಯ ವಿಷಯ ಕೇಳಿದ್ದಕ್ಕೆ ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಅದನ್ನ ಈಗಲೇ ಹೇಳೋಕಾಗಲ್ಲ, ಅಮ್ಮಾ," ಎಂದರು.

ಮನೆಗೆ ಬಂದು ತಾಯಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಈಗೀಗ ಅವಳು ಮಾತನ್ನು ಔಷಧಿಯ ಹಾಗೆ ಅಳೆದು ಬಳಸುತ್ತಿದ್ದಳು. ಒಂದೊಂದು ಪದಕ್ಕೂ ನಾಲಿಗೆ ಹಲ್ಲಿಗೆ ತಾಗಿ ಉರಿಯುತ್ತಿತ್ತು.

"ಅದು ಮಾಡಿಕೊಡ್ತೀವಿ ಅಂದಿದ್ರಲ್ಲ," ಎಂದಳು.

ಯಾವುದು ಎಂದು ದೊಡ್ಡವಳು ಕೇಳಲಿಲ್ಲ. ಫ್ರಿಜ್ಜಿನ ಕಡೆ ತಾಯಿ ನೋಡಿದ ರೀತಿಯಲ್ಲೇ ಗೊತ್ತಾಯಿತು. "ನಾಳೆಯೇ ಮಾಡ್ತೀನಮ್ಮ."

ತಾಯಿ ಎರಡು ಬೆರಳು ಎತ್ತಿ ತೋರಿಸಿದಳು. ಇಬ್ಬರೂ.

ದೊಡ್ಡವಳ ಮುಖ ಗಂಟಾಯಿತು. ನಾಲ್ಕು ತಿಂಗಳಿಂದ ಅಕ್ಕತಂಗಿ ಮಾತು ಬಿಟ್ಟಿದ್ದರು. ಪರೀಕ್ಷೆಯ ವರದಿ ಬಂದ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಹೋಗಿಬರುವವರೆಲ್ಲ ತಿರುಗಿ ನೋಡುವ ಹಾಗೆ ಚಿಕ್ಕವಳು ಕೂಗಿದ್ದಳು: "ಊರಿನವರ ಕಣ್ಣಿಗೆಲ್ಲ ಕನ್ನಡಕ ಹಾಕ್ತೀಯ, ಮನೇಲಿರೋ ಅಮ್ಮನ ಬಾಯಿ ಒಳಗೆ ನೋಡೋಕಾಗ್ಲಿಲ್ವಾ ನಿನಗೆ? ದಿನಾ ಒಂದೇ ಮೇಜಿನಲ್ಲಿ ಊಟ ಮಾಡ್ತೀಯಲ್ಲ! ಕಣ್ಣು ಎಲ್ಲಿಟ್ಟಿದ್ದೆ?"

ದೊಡ್ಡವಳು ಅದಕ್ಕೆ ಉತ್ತರ ಕೊಡಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಅಂದಿನಿಂದ ದೊಡ್ಡವಳು ಅಂಗಡಿಯಲ್ಲಿದ್ದಾಗ ಚಿಕ್ಕವಳು ತಾಯಿಯನ್ನು ನೋಡಲು ಬರುವಳು; ಅವಳ ಚಪ್ಪಲಿ ಬಾಗಿಲಲ್ಲಿ ಕಂಡರೆ ಇವಳು ಮಹಡಿ ಹತ್ತಿ ಬಟ್ಟೆ ಒಣಗುವ ತಂತಿಗಳ ನಡುವೆ ನಿಲ್ಲುವಳು.

"ನಾನೊಬ್ಬಳೇ ಮಾಡಿದ್ರೆ ತಿನ್ನಲ್ವಾ?" ಎಂದಳು ದೊಡ್ಡವಳು.

ತಾಯಿ ತಲೆಯಾಡಿಸಿದಳು. ತಿನ್ನಲ್ಲ.

"ಹಟ ಅಂದ್ರೆ ಹಟ ನಿನ್ನದು."

"ನಂದಾ?" ಎಂದಳು ತಾಯಿ. ಆ ಒಂದೇ ಪದಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ನೋವಿನ ನೀರೋ ಬೇರೆಯದೋ ದೊಡ್ಡವಳಿಗೆ ತಿಳಿಯಲಿಲ್ಲ.

* * *

ಮಂಗಳವಾರ ದೊಡ್ಡವಳು ರಜೆ ಹಾಕಿದಳು. ಮನೆಯಲ್ಲಿ ಓವನ್ ಇರಲಿಲ್ಲ, ಒಳ್ಳೆಯ ಫ್ರೀಜರ್ ಇತ್ತು. ಚಿಕ್ಕವಳಿಗೆ ಬೇಕರಿಯ ಒಲೆಯೇ ಕೈವಶ, ಆದರೆ ಅವಳ ಮನೆಯ ಫ್ರಿಜ್ ಹಾಲು ಕೆಡದಂತೆ ಇಟ್ಟರೆ ಅದೇ ದೊಡ್ಡದು. ಹಾಗಾಗಿ ಯಾರೂ ಯಾರನ್ನೂ ಕೇಳದೆಯೇ ಕೆಲಸ ಎರಡು ಪಾಲಾಯಿತು: ಐಸ್‌ಕ್ರೀಂ ಇವಳದು, ಬಿಸ್ಕತ್ತು ಅವಳದು. ಮಾತು ಮಾತ್ರ ತಾಯಿಯ ಮೂಲಕ. ತಾಯಿಯ ಮಡಿಲಲ್ಲಿ ಫೋನು.

"ಬಿಸ್ಕತ್ತು ಮೆತ್ತಗಿರಬೇಕು ಅಂತ ಹೇಳಮ್ಮ ಅವಳಿಗೆ. ಗರಿಗರಿಯಾದ್ರೆ ಕಚ್ಚಿದಾಗ ಐಸ್‌ಕ್ರೀಂ ಪಕ್ಕಕ್ಕೆ ನುಗ್ಗುತ್ತೆ."

"ಮೆತ್ತಗಿರಬೇಕಂತೆ," ಎಂದಳು ತಾಯಿ ಫೋನಿಗೆ.

ಫೋನಿನೊಳಗಿಂದ ಚಿಕ್ಕವಳ ದನಿ ಇಡೀ ಅಡುಗೆಮನೆಗೆ ಕೇಳಿಸಿತು. "ಹನ್ನೆರಡು ವರ್ಷದಿಂದ ಹಿಟ್ಟು ಕಲಸ್ತಿದೀನಿ, ನನಗೆ ಗೊತ್ತು ಅಂತ ಹೇಳು."

"ಗೊತ್ತಂತೆ."

"ಗೊತ್ತಿದ್ರೆ ಒಳ್ಳೇದೇ. ಕೋಕೋ ಜಾಸ್ತಿ ಹಾಕಿ ಕಹಿ ಮಾಡಬೇಡ ಅನ್ನು."

"ಕಹಿ ಬೇಡವಂತೆ."

"ಅದು ಕೋಕೋದಿಂದ ಬರೋದಲ್ಲ ಅನ್ನು, ಕೆಲವರ ಬಾಯಲ್ಲೇ ಇರುತ್ತೆ!"

ತಾಯಿ ಇದನ್ನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ.

ದೊಡ್ಡವಳು ಹಲ್ಲು ಕಚ್ಚಿ ಕ್ರೀಮು ಕಡೆಯತೊಡಗಿದಳು. ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು, ಕೈಯಲ್ಲೇ, ಕಡೆಗೋಲು ಎತ್ತಿದರೆ ಕ್ರೀಮಿನ ತುದಿ ಕೊಕ್ಕಿನ ಹಾಗೆ ಬಾಗಿ ನಿಲ್ಲುವವರೆಗೂ. ಅದಕ್ಕೆ ಡಬ್ಬಿಯ ಗಟ್ಟಿ ಸಿಹಿಹಾಲು, ವೆನಿಲ್ಲಾ, ಚಿಟಿಕೆ ಉಪ್ಪು. ಕಲಸುವಾಗ ಜೋರು ಮಾಡಿದರೆ ಒಳಗಿನ ಗಾಳಿಯೆಲ್ಲ ಹೋಗಿ ಐಸ್‌ಕ್ರೀಂ ಕಲ್ಲಾಗುತ್ತದೆ. ಮಲಗಿದ ಮಗುವಿಗೆ ಹೊದಿಸಿದ ಹಾಗೆ ಕೆಳಗಿಂದ ಮೇಲಕ್ಕೆ ಮಗುಚಬೇಕು. ಚಪ್ಪಟೆ ಸ್ಟೀಲ್ ಟ್ರೇಗೆ ಬಟರ್ ಪೇಪರ್ ಹಾಸಿ, ಎರಡು ಬೆರಳು ದಪ್ಪಕ್ಕೆ ಹರಡಿ, ಫ್ರೀಜರಿನ ತಳದಲ್ಲಿಟ್ಟಳು.

ಬುಧವಾರ ಬೆಳಗ್ಗೆ ಅದು ಹದವಾಗಿ ಗಟ್ಟಿಯಾಗಿತ್ತು. ಕತ್ತರಿಸುವ ಮೊದಲು ಅವಳು ಅಂಗಡಿಯ ಸ್ಕೇಲು ತಂದು ತಾಯಿಯ ಮುಂದೆ ಹಿಡಿದಳು. ತಾಯಿ ಸ್ಕೇಲನ್ನು ನೋಡಲೇ ಇಲ್ಲ. ಗಾಳಿಯಲ್ಲಿ ಎರಡು ಕೈಗಳನ್ನೂ ಎದುರುಬದುರಾಗಿ ಹಿಡಿದಳು, ನಿಲ್ಲಿಸಿದಳು. ಆ ನಡುವಿನ ಜಾಗವನ್ನು ಅಳೆದರೆ ಸರಿಯಾಗಿ ಹನ್ನೊಂದು ಸೆಂಟಿಮೀಟರು. ಅಡ್ಡಕ್ಕೆ ಹಿಡಿದಳು: ಐದು. ಇಪ್ಪತ್ತೆರಡು ವರ್ಷ ಆ ಕೈಗಳಿಗೆ ಬೇರೆ ಅಳತೆಯೇ ಗೊತ್ತಿರಲಿಲ್ಲ.

ದೊಡ್ಡವಳಿಗೆ ಅಳತೆಯೆಂದರೆ ಪ್ರಾಣ. ಗಾಜು ಅರ್ಧ ಮಿಲಿಮೀಟರು ಹೆಚ್ಚುಕಡಿಮೆಯಾದರೆ ಗಿರಾಕಿ ಮರುದಿನವೇ ತಲೆ ಹಿಡಿದುಕೊಂಡು ಬರುತ್ತಾನೆ. ಚಾಕುವನ್ನು ಬಿಸಿನೀರಿಗೆ ಅದ್ದಿ, ಒರೆಸಿ, ಹನ್ನೆರಡು ತುಂಡು ಕೊಯ್ದಳು. ಒಂದರ ಮೇಲೊಂದು ಪೇರಿಸಿದರೆ ಒಂದೇ ಇಟ್ಟಿಗೆ ಅನ್ನಬೇಕು. ಒಂದೊಂದಕ್ಕೂ ಕಾಗದ ಅಡ್ಡವಿಟ್ಟು ಮತ್ತೆ ಫ್ರೀಜರಿಗಿಟ್ಟಳು. "ಅಳತೆ ಹೇಳಿಬಿಡಮ್ಮ ಅವಳಿಗೆ," ಎಂದು ಅಂಗಡಿಗೆ ಹೋದಳು.

ಸಂಜೆ ಬಂದಾಗ ಮೇಜಿನ ಮೇಲೆ ಬೇಕರಿಯ ರಟ್ಟಿನ ಡಬ್ಬಿಯಿತ್ತು. ಚಿಕ್ಕವಳು ಮಧ್ಯಾಹ್ನವೇ ಬಂದು ಕೊಟ್ಟು ಹೋಗಿದ್ದಳು. ದೊಡ್ಡವಳು ಕೈಕಾಲು ತೊಳೆಯದೆ ಮುಚ್ಚಳ ತೆಗೆದಳು.

ಇಪ್ಪತ್ತನಾಲ್ಕು ಬಿಸ್ಕತ್ತು. ಗಾಢ ಕಂದು, ಮೇಲೆ ಒಂದೇ ಸಮನೆ ಚುಚ್ಚಿದ ತೂತುಗಳು, ಒತ್ತಿದರೆ ಬೆರಳಿಗೆ ಬಗ್ಗುವಷ್ಟು ಮೆತ್ತಗೆ. ಎಲ್ಲವೂ ದುಂಡಗೆ. ಚಹಾ ಲೋಟದ ಬಾಯಷ್ಟು.

ಅವಳು ಫ್ರೀಜರಿನಿಂದ ಒಂದು ತುಂಡು ತೆಗೆದು ಅದರ ಮೇಲಿಟ್ಟಳು. ಉದ್ದಕ್ಕೆ ಎರಡೂ ಕಡೆ ಐಸ್‌ಕ್ರೀಂ ಹೊರಗೆ ಚಾಚಿತು, ಚಿಕ್ಕ ಮಂಚದಲ್ಲಿ ಮಲಗಿಸಿದ ಎತ್ತರದ ನೆಂಟನ ಹಾಗೆ.

"ಅಮ್ಮ! ಅಳತೆ ಹೇಳಲಿಲ್ವಾ?"

ತಾಯಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿಧಾನವಾಗಿ ಎದ್ದು, ದಿಂಬಿನ ಪಕ್ಕದ ಚೀಟಿ ಪುಸ್ತಕ ಎಳೆದುಕೊಂಡು ಬರೆದಳು. ಅಕ್ಷರಗಳು ಓರೆಕೋರೆಯಾಗಿದ್ದವು.

ನಿನ್ನೆಯಿಂದ ಇವತ್ತಿನವರೆಗೆ ಒಂಬತ್ತು ಸಲ ಫೋನು. ಇನ್ನು ನಾಲಿಗೆ ಓಡಲ್ಲ. ನೀವೇ ಮಾತಾಡ್ಕೊಳ್ಳಿ.

ದಿಂಬಿನ ಬಟ್ಟೆಯ ಮೇಲೆ, ಅವಳ ಬಾಯಿ ಒರಗಿದ್ದ ಜಾಗದಲ್ಲಿ, ತೆಳು ಗುಲಾಬಿ ಕಲೆಯಿತ್ತು. ಎರಡು ದಿನ ಆ ನಾಲಿಗೆಯನ್ನು ಮೆತ್ತಗೆ, ಕಹಿ, ಗೊತ್ತಂತೆ, ಬೇಡವಂತೆ ಎಂದು ಓಡಿಸಿದ್ದರು ಇಬ್ಬರೂ. ಒಬ್ಬಳು ಎದುರಲ್ಲೇ ನಿಂತು, ಇನ್ನೊಬ್ಬಳು ಫೋನಿನಲ್ಲಿ. ಫೋನು ತಾಯಿಯ ಮಡಿಲಲ್ಲಿತ್ತು, ದನಿ ಎಲ್ಲರಿಗೂ ಕೇಳುತ್ತಿತ್ತು, ಆದರೂ ಅವಳ ಬಾಯಿಂದಲೇ ದಾಟಬೇಕಿತ್ತು ಪ್ರತಿ ಮಾತೂ.

ದೊಡ್ಡವಳು ಅಡುಗೆಮನೆಗೆ ಬಂದು ಚಾಕು ಕೈಗೆತ್ತಿಕೊಂಡಳು. ದಾರಿಯೇನೋ ಇತ್ತು. ದುಂಡನೆಯ ಬಿಸ್ಕತ್ತಿನ ನಾಲ್ಕು ಅಂಚು ಕೊಯ್ದು ಚೌಕ ಮಾಡುವುದು, ಐಸ್‌ಕ್ರೀಮನ್ನೂ ಅಷ್ಟಕ್ಕೇ ಕೊಯ್ಯುವುದು. ಎರಡು ತುತ್ತಿನಷ್ಟಾಗುತ್ತದೆ, ಆಗಲಿ. ಇಬ್ಬರೂ ಮಾಡಿದ್ದೇ ತಾನೇ. ಯಾರೂ ಯಾರ ಜೊತೆಯೂ ಮಾತಾಡಬೇಕಿಲ್ಲ.

ಒಂದು ಬಿಸ್ಕತ್ತಿನ ಅಂಚು ಕೊಯ್ದಳು. ಎರಡನೆಯದು. ಪುಡಿ ಉದುರಿತು. ಇಷ್ಟೇ ಸಾಕು, ಎಂದುಕೊಂಡಳು. ಅಂದುಕೊಂಡ ತಕ್ಷಣ ಅವಳ ಕೈ ನಿಂತಿತು. ಇದೇ ದನಿಯಲ್ಲಿ ಅವಳು ಹಿಂದೆಯೂ ಒಮ್ಮೆ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಚಾಕು ಕೆಳಗಿಟ್ಟಳು. ತಂಗಿಗೆ ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಬೇಕರಿಯವರು ಕೋಳಿಗಿಂತ ಮುಂಚೆ ಏಳುವ ಜನ, ಹೊತ್ತು ಮುಳುಗಿದರೆ ಮಲಗಿಬಿಡುತ್ತಾರೆ. ದೊಡ್ಡವಳು ಅಂಗಡಿಯ ಗಟ್ಟಿ ಕಾಗದದ ಮೇಲೆ ಗೆರೆ ಎಳೆದು ಒಂದು ತುಂಡು ಕತ್ತರಿಸಿ ಕೈಚೀಲಕ್ಕೆ ಹಾಕಿಕೊಂಡಳು. ಹನ್ನೊಂದು ಉದ್ದ, ಐದು ಅಗಲ.

* * *

ಗುರುವಾರ ಮೊದಲ ಬಸ್ಸಿಗೆ ಹೊರಟಳು. ಬೇಕರಿಯ ಮುಂದಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಹಿಂದಿನ ಓಣಿಯಲ್ಲಿ ಹಿಟ್ಟಿನ ಖಾಲಿ ಚೀಲಗಳನ್ನು ಪೇರಿಸಿದ್ದರು. ಅರ್ಧ ತೆರೆದ ಬಾಗಿಲಿಂದ ಬಿಸಿ ಬ್ರೆಡ್ಡಿನ ವಾಸನೆ. ಒಳಗೆ ಬೇಕರಿಯ ಯಜಮಾನ ಬನಿಯನ್ನಿನಲ್ಲೇ ಟ್ರೇ ಎಳೆಯುತ್ತಿದ್ದ.

"ಓಹೋ, ಕನ್ನಡಕದಮ್ಮ! ಒಳ್ಳೇ ಹೊತ್ತಿಗೆ ಬಂದ್ರಿ. ನಿಮ್ಮ ತಂಗಿಗೆ ಒಂದು ಕನ್ನಡಕ ಕೊಡಿಸಿ. ನಿನ್ನೆ ಬನ್ನಿಗೆ ಸಕ್ಕರೆ ಅಂತ ಉಪ್ಪು ಸುರೀತಿದ್ಲು, ನಾನು ಕೈ ಹಿಡಿದೆ."

ಚಿಕ್ಕವಳು ಮೇಜಿನ ಹಿಂದಿದ್ದಳು. ಮೊಣಕೈವರೆಗೆ ಹಿಟ್ಟು. ಕಣ್ಣ ಕೆಳಗೆ ಕಪ್ಪು. ಅಕ್ಕನನ್ನು ಕಂಡದ್ದೇ ಕೈಯಲ್ಲಿದ್ದ ಹಿಟ್ಟು ಬಿಟ್ಟಳು. "ಅಮ್ಮನಿಗೆ..."

"ಅಮ್ಮ ಚೆನ್ನಾಗಿದಾಳೆ. ಮಲಗಿದಾಳೆ." ದೊಡ್ಡವಳು ಬೇಗ ಬೇಗ ಹೇಳಿ ಕಾಗದದ ತುಂಡನ್ನು ಮೇಜಿನ ಮೇಲಿಟ್ಟಳು. "ಹನ್ನೊಂದು. ಐದು."

ನಾಲ್ಕು ತಿಂಗಳ ನಂತರ ಅಕ್ಕ ತಂಗಿಗೆ ಹೇಳಿದ್ದು ಇಷ್ಟು.

ಚಿಕ್ಕವಳು ಕಾಗದವನ್ನೂ ಅಕ್ಕನನ್ನೂ ನೋಡಿದಳು. "ದುಂಡಗಿದ್ರೆ ಆಗಲ್ವಾ?"

"ಅಮ್ಮ ಸುತ್ತುತ್ತಿದ್ದದ್ದು ಇಷ್ಟು. ನಾನು ಅದನ್ನೇ ಕೊಯ್ದಿಟ್ಟೆ. ನಿನಗೆ ಹೇಳಲಿಲ್ಲ. ಅಮ್ಮನ ಕೈಲಿ ಹೇಳಿಸೋಣ ಅಂತಿದ್ದೆ, ಅವಳಿಗೆ ಆಗ್ಲಿಲ್ಲ. ರಕ್ತ ಬಂದಿದೆ."

ಚಿಕ್ಕವಳು ಕಣ್ಣು ಮುಚ್ಚಿ ತೆರೆದಳು. ಕಾಗದ ಎತ್ತಿಕೊಂಡಳು. "ಇದೇ ಅಳತೆಗೆ ಕೊಯ್ದ್ರೆ ಬೆಂದಾಗ ಹರಡುತ್ತೆ. ಎರಡೂ ಕಡೆ ಸ್ವಲ್ಪ ಕತ್ತರಿಸು."

"ಎಷ್ಟು?"

"ಒಂದು ಅಕ್ಕಿಕಾಳಷ್ಟು."

"ಅಕ್ಕಿಕಾಳು ಅಂದ್ರೆ ಎಷ್ಟು ಮಿಲಿಮೀಟರ್ರೇ?"

"ಅಯ್ಯೋ ದೇವರೇ, ಇಲ್ಲಿ ಕೊಡು ಕತ್ತರಿ!"

ಯಜಮಾನ ಇಬ್ಬರನ್ನೂ ನೋಡಿದ. ಬ್ರೆಡ್ಡು ಎಣಿಸುವ ನೆವ ಮಾಡಿ ಮುಂದಿನ ಕೋಣೆಗೆ ಹೋದ. ಬುದ್ಧಿವಂತ.

ಚಿಕ್ಕವಳು ಹಿಟ್ಟು ಕಲಸಿದಳು. ಬೆಣ್ಣೆ, ಕಂದು ಸಕ್ಕರೆ, ಮೈದಾ, ಕೋಕೋ, ಎರಡು ಚಮಚ ಹಾಲು. ದೊಡ್ಡವಳು ಲಟ್ಟಿಸಿದಳು. ತಂಗಿ ಕಾಗದದ ಅಚ್ಚು ಇಟ್ಟು ಕೊಯ್ದು ಮುಳ್ಳುಚಮಚದಿಂದ ಚುಚ್ಚಿದಳು. ಮೊದಲ ಟ್ರೇ ಒಲೆಯೊಳಗೆ ಹೋಯಿತು. ಒಂಬತ್ತು ನಿಮಿಷ. ಮಾಡಲು ಕೆಲಸವಿಲ್ಲ, ಓಡಿಹೋಗಲು ಜಾಗವಿಲ್ಲ. ಇಬ್ಬರೂ ಒಲೆಯ ಗಾಜಿನ ಕಡೆ ನೋಡುತ್ತ ನಿಂತರು.

"ನನಗೆ ಕಂಡಿತ್ತು," ಎಂದಳು ದೊಡ್ಡವಳು.

"ಏನು?"

"ಹುಣ್ಣು. ನೀನು ಕೇಳಿದ್ಯಲ್ಲ, ಕಣ್ಣು ಎಲ್ಲಿಟ್ಟಿದ್ದೆ ಅಂತ. ಮೊದಲನೇ ವಾರವೇ ನೋಡಿದ್ದೆ. ಅಂಗಡಿ ಟಾರ್ಚ್ ತಂದು ಬಾಯಿ ತೆರೆಸಿ ನೋಡಿದ್ದೆ. ಬಿಳಿ ಅಂಚು, ನಡುವೆ ಕೆಂಪು. ಅಮ್ಮ ಹಲ್ಲು ಚುಚ್ಚಿದ್ದು ಅಂದ್ಲು. ನಿನಗೆ ಹೇಳಬೇಡ ಅಂದ್ಲು. ಹಲ್ಲು ಚುಚ್ಚಿದ್ದಲ್ಲ ಅಂತ ನನಗೆ ಅನ್ನಿಸಿತ್ತು. ಆದ್ರೆ ಹಲ್ಲೇ ಆಗಿರ್ಲಿ ಅಂತ ಆಸೆ. ಸರಿ ಅಂತ ಟಾರ್ಚ್ ಆರಿಸಿದೆ. ಆರಿಸಿ ಮೂರು ತಿಂಗಳು ಕೂತೆ."

ಅವಳ ದನಿ ಒಡೆಯಲಿಲ್ಲ. ಅಂಗಡಿಯಲ್ಲಿ ನಂಬರು ಓದುವಾಗಿನ ದನಿ ಅದು. ಆದರೆ ಹಿಟ್ಟು ಅಂಟಿದ ಬೆರಳುಗಳು ಒಂದನ್ನೊಂದು ಹಿಡಿದುಕೊಂಡಿದ್ದವು.

ಚಿಕ್ಕವಳು ಕ್ಷಮಿಸಿದೆ ಎನ್ನಲಿಲ್ಲ, ಹೋಗ್ಲಿ ಬಿಡು ಎನ್ನಲಿಲ್ಲ. ಕಡೆಗೆ, "ಟ್ರೇ ತಿರುಗಿಸಬೇಕು," ಎಂದಳು. "ಆ ಮೂಲೇಲಿ ಬೆಂಕಿ ಜಾಸ್ತಿ."

ದೊಡ್ಡವಳು ಬಟ್ಟೆ ಹಿಡಿದು ಟ್ರೇ ತಿರುಗಿಸಿದಳು.

"ಫೋನಲ್ಲಿ ಅಮ್ಮನ ಮಾತು ತೊದಲ್ತಿತ್ತು," ಎಂದಳು ಚಿಕ್ಕವಳು, ಗಾಜಿನ ಕಡೆಗೇ ನೋಡುತ್ತ. "ಬೇಸಗೆಯಿಂದಲೇ. ಹಲ್ಲು ಕಟ್ಟಿಸ್ಕೊಂಡ್ಯೇನಮ್ಮ ಅಂತ ತಮಾಷೆ ಮಾಡ್ತಿದ್ದೆ. ಅವಳು ಹೂಂ ಅಂತಿದ್ಲು." ಮೂಗು ಒರೆಸಿಕೊಳ್ಳಲು ಹೋಗಿ ಹಿಟ್ಟು ಮೆತ್ತಿಕೊಂಡಳು. "ನೀನು ಮೂರು ತಿಂಗಳು ಕೂತಿದ್ದಕ್ಕೆ ನನಗೆ ಸಿಟ್ಟಿದೆ. ಹೋಗಲ್ಲ ಅದು ಇವತ್ತೇ."

"ಇರ್ಲಿ."

"ಮೂಗಿಗೆ ಏನಾದ್ರೂ ಅಂಟಿದ್ಯಾ?"

"ಇಡೀ ಬೇಕರಿಯೇ ಅಂಟಿದೆ."

ದೊಡ್ಡವಳು ತನ್ನ ಸೆರಗಿನಿಂದ ಒರೆಸಿದಳು. ಒಲೆಯ ಗಂಟೆ ಬಾರಿಸಿತು.

* * *

ಬಿಸ್ಕತ್ತು ಪೂರ್ತಿ ಆರಿದ ಮೇಲೆ ಎರಡು ಡಬ್ಬಿಗೆ ತುಂಬಿಕೊಂಡು ಒಟ್ಟಿಗೇ ಬಸ್ಸು ಹತ್ತಿದರು. ಮನೆ ತಲುಪಿದಾಗ ಹತ್ತು ಗಂಟೆ. ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಬಿಡುವ ಸದ್ದು ಕೇಳಿ ತಾಯಿ ಒಳಗಿಂದ ಬಂದಳು. ಅಡುಗೆಮನೆಯ ಕುರ್ಚಿ ಎಳೆದು, ಎಲ್ಲ ಚೆನ್ನಾಗಿ ಕಾಣುವ ಜಾಗದಲ್ಲಿ ಕೂತಳು, ನಾಟಕಕ್ಕೆ ಮೊದಲ ಸಾಲಿನ ಟಿಕೆಟು ಸಿಕ್ಕವಳ ಹಾಗೆ.

ಇನ್ನು ಅವಸರದ ಕೆಲಸ. ಫ್ರೀಜರಿನಿಂದ ಹೊರಬಂದ ಐಸ್‌ಕ್ರೀಮಿಗೆ ತಾಳ್ಮೆಯಿರುವುದಿಲ್ಲ. ಚಿಕ್ಕವಳು ಬಿಸ್ಕತ್ತನ್ನು ಬೋರಲಾಗಿಟ್ಟಳು, ದೊಡ್ಡವಳು ಅದರ ಮೇಲೆ ತುಂಡು ಕೂರಿಸಿದಳು, ಮೇಲೆ ಇನ್ನೊಂದು ಬಿಸ್ಕತ್ತು. ಅಂಚಿಗೆ ಅಂಚು ಕೂತಿತು. ದೊಡ್ಡವಳು ಬೆರಳಾಡಿಸಿ ನೋಡಿದಳು, ಎಲ್ಲೂ ಎಡವಲಿಲ್ಲ.

"ಅಕ್ಕಿಕಾಳು," ಎಂದಳು ಚಿಕ್ಕವಳು.

"ಎರಡೂವರೆ ಮಿಲಿಮೀಟರ್," ಎಂದಳು ದೊಡ್ಡವಳು.

ಕಾಗದದಲ್ಲಿ ಸುತ್ತುವುದು ಇಬ್ಬರಿಗೂ ಬರಲಿಲ್ಲ. ಒಬ್ಬಳದು ಬೆಲ್ಲದ ಪೊಟ್ಟಣದ ಹಾಗಾಯಿತು, ಇನ್ನೊಬ್ಬಳದು ಬ್ಯಾಂಡೇಜಿನ ಹಾಗೆ. ತಾಯಿಯ ಕೈ ತಡೆಯಲಾರದೆ ಎರಡು ಸಲ ಮುಂದೆ ಬಂತು. ಎರಡು ಸಲವೂ ಚಿಕ್ಕವಳು, "ಸುಮ್ನೆ ಕೂತ್ಕೊಳಮ್ಮ, ನಮ್ಮ ಮಾನ ಹೋದ್ರೆ ಹೋಗ್ಲಿ," ಎಂದು ಹಿಂದಕ್ಕೆ ಕಳಿಸಿದಳು. ತಾಯಿಯ ಭುಜಗಳು ಸದ್ದಿಲ್ಲದೆ ಕುಲುಕಿದವು. ನಕ್ಕರೆ ನೋವು, ಆದರೂ ನಗುತ್ತಿದ್ದಳು.

ಹನ್ನೆರಡೂ ಫ್ರೀಜರಿಗೆ ಹೋದವು. ಇನ್ನು ಕಾಯಬೇಕು. ಬಿಸ್ಕತ್ತು ಐಸ್‌ಕ್ರೀಮಿನ ತೇವ ಕುಡಿದು, ಎರಡೂ ಅಂಟಿಕೊಂಡು ಒಂದಾಗಲು ಐದಾರು ತಾಸು ಬೇಕು. ಮಧ್ಯಾಹ್ನ ದೊಡ್ಡವಳು ಆಸ್ಪತ್ರೆಯ ಚೀಲ ತುಂಬಿದಳು: ವರದಿಗಳ ಕಡತ, ಮುಂದೆ ಗುಂಡಿಯಿರುವ ಎರಡು ಅಂಗಿ, ಮೆತ್ತನೆಯ ಟವಲು, ಚೀಟಿ ಪುಸ್ತಕ, ಎರಡು ಪೆನ್ನು. ಚಿಕ್ಕವಳು ತಾಯಿಯ ತಲೆ ಬಾಚಿ ಬಿಗಿಯಾಗಿ ಹೆಣೆದಳು. ಎಷ್ಟು ದಿನ ಮಲಗಿಯೇ ಇರಬೇಕೋ. ಯಾರೂ ಗಡಿಯಾರ ನೋಡಲಿಲ್ಲ, ಎಲ್ಲರಿಗೂ ಗಂಟೆ ಗೊತ್ತಿತ್ತು.

ನಾಲ್ಕಕ್ಕೆ ದೊಡ್ಡವಳು ಒಂದನ್ನು ತೆಗೆದು ತಟ್ಟೆಯಲ್ಲಿಟ್ಟು ತಾಯಿಯ ಮುಂದಿಟ್ಟಳು.

ತಾಯಿ ಕಾಗದ ಸರಿಸಿದಳು. ಎತ್ತಿ ಹಿಡಿದು ನಾಲ್ಕೂ ಅಂಚು ತಿರುಗಿಸಿ ನೋಡಿದಳು. ಹುಣ್ಣಿಲ್ಲದ ಕಡೆಗೆ ಬಾಯಿ ಓರೆ ಮಾಡಿ ಚಿಕ್ಕದಾಗಿ ಒಂದು ಚೂರು ಕಚ್ಚಿದಳು. ಕಣ್ಣು ಮುಚ್ಚಿದಳು. ಅಗಿಯಲಿಲ್ಲ, ಬಾಯಲ್ಲೇ ಕರಗಲು ಬಿಟ್ಟಳು. ಇನ್ನೊಂದು ಚೂರು. ಮತ್ತೊಂದು.

ಇಬ್ಬರು ಹೆಣ್ಣುಮಕ್ಕಳೂ ನಿಂತೇ ನೋಡುತ್ತಿದ್ದರು. ನಾಲ್ಕನೇ ಚೂರಿಗೆ ತಾಯಿಯ ಹಣೆಯ ಗೆರೆಗಳು ಒಂದೊಂದೇ ಸಡಿಲವಾದವು. ತಿಂಗಳುಗಳಿಂದ ಮಡಿಚಿಕೊಂಡೇ ಇದ್ದ ಗೆರೆಗಳು ಅವು.

"ಮರಗಟ್ಟಿತು," ಎಂದಳು. ಮಾತು ಸಲೀಸಾಗಿ ಬಂತು. ಅವಳಿಗೇ ಆಶ್ಚರ್ಯವಾಗಿ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ, ಉರೀತಿಲ್ಲ ಕಣ್ರೇ. ಕೂತ್ಕೊಳ್ಳಿ, ಕೂತ್ಕೊಳ್ಳಿ ಇಬ್ರೂ, ಇದು ಹೆಚ್ಚು ಹೊತ್ತು ಇರಲ್ಲ."

ಇಬ್ಬರೂ ಎದುರಿಗೆ ಕೂತರು.

"ಚಿಕ್ಕೋಳೆ, ಬಿಸ್ಕತ್ತಿಗೆ ಉಪ್ಪು ಹಾಕೋದು ಮರ್ತಿದೀಯ."

"ಬನ್ನಿಗೆ ಹಾಕೋಕೆ ಹೋಗಿದ್ಲಂತೆ," ಎಂದಳು ದೊಡ್ಡವಳು.

"ನೀನು ಸುಮ್ನಿರು, ನಿನ್ನ ಐಸ್‌ಕ್ರೀಮಲ್ಲಿ ವೆನಿಲ್ಲಾ ಒಂದು ಹನಿ ಜಾಸ್ತಿ." ತಾಯಿ ಮತ್ತೆ ಕಚ್ಚಿದಳು. ಕರಗುವವರೆಗೆ ಕಾದು, ತಟ್ಟೆಯ ಕಡೆ ನೋಡುತ್ತ, ನಿಧಾನವಾಗಿ ಹೇಳತೊಡಗಿದಳು. "ನಾನೀಗ ಹೇಳೋದನ್ನ ಇಬ್ರೂ ಸರಿಯಾಗಿ ಕೇಳಿಸ್ಕೊಳ್ಳಿ. ಆಮೇಲೆ ಇದು ನನಗೆ ನೆನಪಿರದೆ ಹೋದ್ರೆ ನೀವು ನನಗೆ ಹೇಳಬೇಕು. ಮೊದಲು ಬರೋದು ಸಿಹಿ ಅಲ್ಲ, ಥಂಡಿ. ಹಲ್ಲಿನ ಬುಡಕ್ಕೆ ಹೋಗುತ್ತೆ. ಆಮೇಲೆ ಬಿಸ್ಕತ್ತು, ಸ್ವಲ್ಪ ಕಹಿ, ಸುಟ್ಟ ಸಕ್ಕರೆ ಥರ. ಹಾಲು ಕಡೇಲಿ ಬರುತ್ತೆ. ನುಂಗಿದ ಮೇಲೂ ಅಂಗುಳದಲ್ಲಿ ಇರುತ್ತೆ, ಹೋಗಲ್ಲ." ಅವಳು ತನ್ನ ಬಾಯಿಯ ಮೇಲ್ಭಾಗವನ್ನು ಬೆರಳಿಂದ ತೋರಿಸಿದಳು. "ಹೇಳಿ ನೋಡೋಣ."

"ಮೊದಲು ಥಂಡಿ," ಎಂದಳು ಚಿಕ್ಕವಳು.

"ಆಮೇಲೆ ಬಿಸ್ಕತ್ತಿನ ಕಹಿ, ಸುಟ್ಟ ಸಕ್ಕರೆ ಥರ," ಎಂದಳು ದೊಡ್ಡವಳು. "ಕಡೇಲಿ ಹಾಲು."

"ಹಾಂ."

ತಾಯಿ ಉಳಿದದ್ದನ್ನು ಅವಸರ ಮಾಡದೆ ತಿಂದಳು. ಕರಗಿ ತಟ್ಟೆಗಿಳಿದದ್ದನ್ನು ಬಿಸ್ಕತ್ತಿನ ಮೂಲೆಯಿಂದ ಒರೆಸಿಕೊಂಡಳು. ಕಡೆಯ ತುತ್ತನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು, ಆಮೇಲೆ ನುಂಗಿದಳು.